ಠಾಣೆಗೆ ಕರೆದೊಯ್ದ ಮೇಲಿನ 24 ತಾಸು: ಮನೆಯವರು ಏನು ಮಾಡಬೇಕು

‘ಜೈ ಭೀಮ್’ ಸಿನಿಮಾ ನೋಡಿ ಎದ್ದವರು ಹೆಚ್ಚಾಗಿ ಮಾತಾಡುವುದು ಲಾಕಪ್ಪಿನ ದೃಶ್ಯಗಳ ಬಗ್ಗೆ. ಅವು ಕರುಳು ಹಿಂಡುತ್ತವೆ, ನಿಜ. ಆದರೆ ನಾವು ಕಲಿಯಬೇಕಾದದ್ದು ಬೇರೆ ಕಡೆ ಇದೆ. ‘ನಿನ್ನ ಗಂಡ ಲಾಕಪ್ಪಿನಿಂದ ಓಡಿಹೋದ’ ಎಂದು ಪೊಲೀಸರು ಹೇಳಿದ್ದನ್ನು ಸೆಂಗೇನಿ ನಂಬಲಿಲ್ಲ. ವಕೀಲ ಚಂದ್ರು ಅವಳ ಮಾತನ್ನು ಹೇಬಿಯಸ್ ಕಾರ್ಪಸ್ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಎಂಬ) ಅರ್ಜಿಯಾಗಿ ಹೈಕೋರ್ಟಿನ ಮುಂದಿಟ್ಟರು. ಕಥೆಗೆ ಮೂಲವಾದ ಪ್ರಕರಣ ನಡೆದದ್ದು 1993ರಲ್ಲಿ, ತಮಿಳುನಾಡಿನ ಕಡಲೂರು ಭಾಗದಲ್ಲಿ. ಅದನ್ನು ನಡೆಸಿದ ಕೆ. ಚಂದ್ರು ಮುಂದೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಚಿತ್ರದಲ್ಲಿ ಇರುಳರ್ ಸಮುದಾಯ ಎಂದು ತೋರಿಸಿದ್ದರೂ ನಿಜದಲ್ಲಿ ಸತ್ತವರು ಕುರವರ್ ಸಮುದಾಯದವರು. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕೊರಚರು, ಕೊರಮರ ಪಾಡೂ ಅದೇ. 1871ರಲ್ಲಿ ಉತ್ತರದಲ್ಲಿ ಶುರುವಾಗಿ ಮುಂದೆ ದಕ್ಷಿಣಕ್ಕೂ ಬಂದ ಅಪರಾಧಿ ಬುಡಕಟ್ಟು ಕಾಯ್ದೆ ಇಂಥ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿಸಿತ್ತು. 1952ರಲ್ಲಿ ಕಾಯ್ದೆ ರದ್ದಾಯಿತು. ಊರಲ್ಲಿ ಕಳವಾದರೆ ಜೀಪು ಮೊದಲು ಯಾವ ಓಣಿಗೆ ಹೋಗುತ್ತದೆ ಎಂಬುದು ಮಾತ್ರ ಎಷ್ಟೋ ಕಡೆ ಬದಲಾಗಿಲ್ಲ.

ಕೆಳಗಿರುವುದು ಮನೆಯವರಿಗಾಗಿ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಬದಲು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಇಲ್ಲಿ ಬೇರೆ ಹೆಸರಿಲ್ಲದೆ ಬರುವ ಕಲಂಗಳೆಲ್ಲ ಅದರವೇ.

ಜೀಪು ಹೋದ ಕೂಡಲೇ

ಮೊದಲ ಕೆಲಸ ಠಾಣೆಗೆ ಓಡುವುದಲ್ಲ. ಗಡಿಯಾರ ನೋಡಿ ಹೊತ್ತು ಬರೆದಿಡಿ. ಮಗುವಿನ ನೋಟ್‌ಬುಕ್ ಆದರೂ ಸರಿ, ಗೋಡೆಯ ಕ್ಯಾಲೆಂಡರಿನ ಹಿಂಬದಿ ಆದರೂ ಸರಿ. ಎಷ್ಟು ಗಂಟೆಗೆ ಬಂದರು, ಎಷ್ಟು ಜನ, ಖಾಕಿಯಲ್ಲೋ ಮಫ್ತಿಯಲ್ಲೋ, ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಏನಿತ್ತು, ಗಾಡಿ ನಂಬರ್ ಏನು, ಯಾವ ಠಾಣೆ ಎಂದರು, ಯಾರು ಯಾರು ಕಣ್ಣಾರೆ ಕಂಡರು, ಇಷ್ಟನ್ನೂ ಬರೆಯಿರಿ. ನಿಮ್ಮ ಮನೆಯವನು ತೊಟ್ಟಿದ್ದ ಬಟ್ಟೆ ಯಾವುದು, ಮೊಬೈಲ್, ಬೈಕು, ರೊಕ್ಕ ಏನೇನು ಒಯ್ದರು ಎಂಬುದೂ ಇರಲಿ. ‘ಮನೆಯಿಂದ ಹೋಗುವಾಗ ಮೈಮೇಲೆ ಗಾಯ ಇರಲಿಲ್ಲ’ ಎಂಬ ಒಂದು ಸಾಲನ್ನು ಮರೆಯದೆ ಸೇರಿಸಿ. ಬರೆದದ್ದರ ಫೋಟೊ ತೆಗೆದು ಇಬ್ಬರು ನೆಂಟರ ವಾಟ್ಸಾಪಿಗೆ ಕಳಿಸಿ. ಕಳಿಸಿದ ಹೊತ್ತು ಅದರಲ್ಲೇ ಮೂಡುತ್ತದೆ.

ಇದಕ್ಕೆ ಕಾರಣವಿದೆ. ಸಂವಿಧಾನದ 22(2)ನೇ ವಿಧಿ ಮತ್ತು ಕಲಂ 58ರ ಪ್ರಕಾರ ಬಂಧಿಸಿದವರನ್ನು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ದಾರಿಯ ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಹೊಡೆತ ಬೀಳುವುದು ಬಹುಪಾಲು ಕಾಗದದ ಮೇಲೆ ಇಲ್ಲದ ತಾಸುಗಳಲ್ಲಿ. ಸೋಮವಾರ ಬೆಳಗಿನ ಜಾವ ಮನೆಯಿಂದ ಎಬ್ಬಿಸಿ ಒಯ್ದವನನ್ನು ಬುಧವಾರ ಸಂಜೆ ‘ಬಸ್ ಸ್ಟ್ಯಾಂಡ್ ಹತ್ತಿರ ಅನುಮಾನಾಸ್ಪದವಾಗಿ ತಿರುಗಾಡುತ್ತಿದ್ದಾಗ’ ಹಿಡಿದದ್ದಾಗಿ ಬರೆದರೆ, ನಡುವಿನ ಎರಡು ದಿನ ದಾಖಲೆಯಲ್ಲಿ ಇಲ್ಲವೇ ಇಲ್ಲ. ಆ ಎರಡು ದಿನ ಇದ್ದವು ಎಂದು ತೋರಿಸಲು ನಿಮ್ಮ ಕೈಯಲ್ಲಿರುವುದು ಈ ಚೀಟಿ.

ಕೆಲವರನ್ನು ಒಯ್ಯುವಂತೆಯೇ ಇಲ್ಲ. ಸಾಕ್ಷಿಯಾಗಿ ವಿಚಾರಿಸಬೇಕಿದ್ದರೆ ಹೆಂಗಸರನ್ನು, 15ಕ್ಕಿಂತ ಚಿಕ್ಕವರನ್ನು, 60 ದಾಟಿದವರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆ ಇರುವವರನ್ನು ಅವರಿರುವ ಮನೆಗೇ ಬಂದು ಕೇಳಬೇಕು (ಕಲಂ 179). ಹೆಂಗಸರನ್ನು ಹೊತ್ತು ಮುಳುಗಿದ ಮೇಲೆ, ಹೊತ್ತು ಹುಟ್ಟುವ ಮುಂಚೆ ಬಂಧಿಸಬಾರದು. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಪಡೆದಿರಬೇಕು (ಕಲಂ 43). ಹದಿನೆಂಟು ತುಂಬದ ಹುಡುಗನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಂಥ ಸಂದರ್ಭದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಆಧಾರ್ ಅಥವಾ ಶಾಲೆಯ ವರ್ಗಾವಣೆ ಪತ್ರ ಕೈಯಲ್ಲಿ ಹಿಡಿದು ಹೋಗಿ.

ಠಾಣೆಯ ಬಾಗಿಲಲ್ಲಿ

ಮೂವರು ಸಾಕು. ಒಬ್ಬರಿಗೆ ಓದು ಬರಹ ಬರಲಿ, ಒಬ್ಬರು ಹೆಂಗಸಾಗಿರಲಿ. ಓಣಿಗೆ ಓಣಿಯೇ ಎದ್ದು ಹೋದರೆ ಕೂಗಾಟ ಆಗುತ್ತದೆ, ಕೂಗಾಟ ಆದರೆ ‘ಕರ್ತವ್ಯಕ್ಕೆ ಅಡ್ಡಿ’ ಎಂಬ ಇನ್ನೊಂದು ಕೇಸು ಬೀಳುತ್ತದೆ, ಆಮೇಲೆ ಒಳಗಿದ್ದವನನ್ನು ಬಿಡಿಸಲು ಹೊರಗೆ ಯಾರೂ ಉಳಿಯುವುದಿಲ್ಲ.

ಬಾಗಿಲಲ್ಲಿ ಸಿಗುವ ಉತ್ತರ ಎಲ್ಲ ಕಡೆ ಒಂದೇ: ‘ಎರಡು ತಾಸು ಕೂಡ್ಸಿ ಕೇಳಿ ಕಳಸ್ತೀವಿ, ನೀವು ಮನಿಗೆ ನಡೀರಿ.’ ಹೋಗಬೇಡಿ. ಮೂರು ಪ್ರಶ್ನೆ ಕೇಳಿ: ‘ಸಾಹೇಬ್ರ, ನಮ್ಮ ತಮ್ಮ ಇಲ್ಲಿ ಅದಾನೇನ್ರಿ? ಅರೆಸ್ಟ್ ಮಾಡೀರೋ, ಬರೇ ವಿಚಾರಣೆಗೆ ಕರದೀರೋ? ಕ್ರೈಂ ನಂಬರ್ ಎಷ್ಟ್ರಿ?’ ಕಾನೂನಿನಲ್ಲಿ ಎರಡೇ ಸ್ಥಿತಿ. ಬಂಧನ ಆಗಿಲ್ಲವೆಂದರೆ ಅವನು ಎದ್ದು ಮನೆಗೆ ಬರಬಹುದು. ಆಗಿದೆ ಎಂದರೆ ಬಂಧನದ ಮೆಮೊ ಇರಬೇಕು. ಅದರ ಮೇಲೆ ಮನೆಯವರೊಬ್ಬರ ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಸಹಿ, ಬಂಧಿತನ ಸಹಿ ಇರಬೇಕು (ಕಲಂ 36). ಕಾರಣ ಅವನಿಗೆ ತಿಳಿಸಿರಬೇಕು (ಕಲಂ 47), ಮನೆಯವರಿಗೆ ಸುದ್ದಿ ಮುಟ್ಟಿಸಿ ಅದನ್ನು ಪುಸ್ತಕದಲ್ಲಿ ನಮೂದಿಸಿರಬೇಕು (ಕಲಂ 48). ‘ಅರೆಸ್ಟೂ ಮಾಡಿಲ್ಲ, ಬಿಡೋದೂ ಇಲ್ಲ’ ಎಂಬ ಮೂರನೆಯ ಸ್ಥಿತಿ ಯಾವ ಕಲಮಿನಲ್ಲೂ ಇಲ್ಲ. ಬಂಧನದ ಕಾರಣ ತಿಳಿಸದಿದ್ದರೆ ಬಂಧನವೇ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಮತ್ತೆ ಸ್ಪಷ್ಟಪಡಿಸಿದೆ.

ಜಿಲ್ಲೆಯಲ್ಲೂ ಪ್ರತಿ ಠಾಣೆಯಲ್ಲೂ ಬಂಧಿತರ ಮಾಹಿತಿ ಇಟ್ಟುಕೊಳ್ಳಲು ಎಎಸ್‌ಐ ದರ್ಜೆಗಿಂತ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಇರಬೇಕು, ಆ ಮಾಹಿತಿ ಕಾಣುವಂತೆ ಹಾಕಿರಬೇಕು (ಕಲಂ 37). ಬೋರ್ಡ್ ನೋಡಿ, ಅದರ ಫೋಟೊ ತೆಗೆದುಕೊಳ್ಳಿ. ಹೆಸರು ಇಲ್ಲದಿದ್ದರೆ ಇಲ್ಲ ಎಂಬುದೂ ಮುಂದೆ ಸಾಕ್ಷಿಯೇ.

ಬಾಯಿಮಾತು ಸಾಲದು, ಅರ್ಜಿ ಬೇಕು. ಎರಡು ಪ್ರತಿ ಬರೆಯಿರಿ. ಭಾಷೆ ಸರಳವಾಗಿರಲಿ, ಬೈಗುಳ, ಆರೋಪ ಬೇಡ:

‘ಪಿಎಸ್‌ಐ, ........ ಪೊಲೀಸ್ ಠಾಣೆ ಇವರಿಗೆ. ನನ್ನ ತಮ್ಮ ........, ವಯಸ್ಸು ...., ಇವನನ್ನು ದಿನಾಂಕ ........ರಂದು ಬೆಳಿಗ್ಗೆ .... ಗಂಟೆಗೆ ನಮ್ಮ ಮನೆಯಿಂದ ತಮ್ಮ ಠಾಣೆಯ ಸಿಬ್ಬಂದಿ ವಾಹನ ಸಂಖ್ಯೆ ........ರಲ್ಲಿ ಕರೆದುಕೊಂಡು ಹೋಗಿರುತ್ತಾರೆ. ಆಗ ಅವನ ಮೈಮೇಲೆ ಯಾವ ಗಾಯವೂ ಇರಲಿಲ್ಲ. ಅವನನ್ನು ಬಂಧಿಸಿದ್ದರೆ ಬಂಧನದ ಮೆಮೊ ಮತ್ತು ಕಾರಣದ ಪ್ರತಿ ಕೊಡಬೇಕು. ಬಂಧಿಸಿಲ್ಲದಿದ್ದರೆ ಕೂಡಲೇ ಕಳಿಸಿಕೊಡಬೇಕು. ವಕೀಲರನ್ನು ಭೇಟಿಯಾಗಲು ಮತ್ತು ವೈದ್ಯಕೀಯ ತಪಾಸಣೆಗೆ ಅವಕಾಶ ಮಾಡಬೇಕು. ಠಾಣೆಯ ಸಿಸಿಟಿವಿ ದೃಶ್ಯಗಳನ್ನು ಅಳಿಸದೆ ಕಾಯ್ದಿರಿಸಬೇಕು.’

ಕೆಳಗೆ ಸಹಿ ಅಥವಾ ಹೆಬ್ಬೆಟ್ಟು, ದಿನಾಂಕ, ಗಂಟೆ. ಒಂದು ಪ್ರತಿ ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ‘ಹಿಂಬರಹ ಕೊಡ್ರಿ’ (ಅರ್ಜಿ ಮುಟ್ಟಿದೆ ಎಂಬ ಬರಹ) ಎಂದು ಕೇಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಜಗಳ ಬೇಡ. ಅದೇ ಅರ್ಜಿಯ ಫೋಟೊವನ್ನು ಜಿಲ್ಲಾ ಎಸ್ಪಿಯವರಿಗೂ ಬಳ್ಳಾರಿ ವಲಯದ ಐಜಿಪಿಯವರಿಗೂ ಇಮೇಲ್ ಮಾಡಿ, ನಾಳೆ ಬೆಳಿಗ್ಗೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಹಾಕಿ ರಸೀದಿ ಇಟ್ಟುಕೊಳ್ಳಿ, 112ಕ್ಕೆ ಫೋನ್ ಮಾಡಿ ಕರೆ ಹೋದ ಹೊತ್ತಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಹಿಂದೆ ಈ ಕೆಲಸವನ್ನು ತಂತಿ ಮಾಡುತ್ತಿತ್ತು. ತಂತಿಯ ಮೇಲಿನ ಗಂಟೆಯನ್ನು ಯಾರೂ ತಿದ್ದಲು ಆಗುತ್ತಿರಲಿಲ್ಲ. 2013ರ ಜುಲೈನಲ್ಲಿ ತಂತಿ ಸೇವೆ ನಿಂತ ಮೇಲೆ ಇಮೇಲೇ ಆ ಜಾಗಕ್ಕೆ ಬಂದಿದೆ.

ಒಂದು ಬಲೆಯ ಬಗ್ಗೆ ಎಚ್ಚರ. ‘ನಮ್ಮಲ್ಲಿ ಇಲ್ಲ, ಬೇಕಾದ್ರ ಮಿಸ್ಸಿಂಗ್ ಕೇಸ್ ಕೊಡ್ರಿ’ ಎನ್ನುತ್ತಾರೆ. ‘ಮನೆಯಿಂದ ಹೋದವನು ಕಾಣೆಯಾಗಿದ್ದಾನೆ’ ಎಂದು ನೀವು ಸಹಿ ಹಾಕಿದರೆ, ಪೊಲೀಸರು ಒಯ್ದರು ಎಂಬ ನಿಮ್ಮ ಮಾತನ್ನು ನೀವೇ ಅಳಿಸಿಹಾಕಿದಂತೆ. ದೂರು ಕೊಡುವುದೇ ಆದರೆ ‘ಇಂಥ ಠಾಣೆಯವರು ಇಂಥ ಹೊತ್ತಿಗೆ ಒಯ್ದ ಮೇಲೆ ಕಾಣುತ್ತಿಲ್ಲ’ ಎಂದೇ ಬರೆಯಿರಿ.

ಊರ ಮುಖಂಡರನ್ನು ಹಿಡಿದು ಒಳಗೊಳಗೇ ಮುಗಿಸುವುದು ಇನ್ನೊಂದು ರೂಢಿ. ಅವರು ಜೊತೆಗೆ ಬರಲಿ, ಬೇಡ ಎನ್ನುವುದಿಲ್ಲ. ಆದರೆ ಅವರ ಫೋನ್ ಮಾತನ್ನು ನಂಬಿ ಅರ್ಜಿ ಕೊಡುವುದನ್ನು ಮುಂದಕ್ಕೆ ಹಾಕಿದರೆ ಮೊದಲ ರಾತ್ರಿ ಕಳೆದುಹೋಗುತ್ತದೆ.

ಸಹಿ ಎಲ್ಲಿ, ಎಲ್ಲಿ ಬೇಡ

ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಬೇಕಿಲ್ಲ. ಕಲಂ 181 ಹಾಗೆಂದೇ ಹೇಳುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಅವನ ವಿರುದ್ಧ ರುಜುವಾತು ಮಾಡುವಂತಿಲ್ಲ (2023ರ ಭಾರತೀಯ ಸಾಕ್ಷ್ಯ ಅಧಿನಿಯಮ, ಕಲಂ 23). ಆದರೆ ಅವನು ಹೇಳಿದ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಆ ವಸ್ತುವಿಗೆ ಸಂಬಂಧಿಸಿದಷ್ಟು ಮಾತು ಒಳಗೆ ಬರುತ್ತದೆ. ಹೊಡೆದು ‘ಬಂಗಾರ ಎಲ್ಲಿಟ್ಟೀದಿ’ ಎಂದು ಕೇಳುವುದರ ಹಿಂದಿನ ಲೆಕ್ಕ ಇದೇ. ಆದ್ದರಿಂದ ಜಪ್ತಿ ಪಂಚನಾಮೆಯನ್ನು ಓದಿಸಿ ಕೇಳಿ, ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ಎರಡೂ ಬೇಡ. ಬಂಧನದ ಮೆಮೊಗೆ ಸಹಿ ಹಾಕಬಹುದು, ಆದರೆ ಅದರಲ್ಲಿರುವ ಗಂಟೆ ತಪ್ಪಿದ್ದರೆ ಪಕ್ಕದಲ್ಲಿ ನಿಜವಾದ ಗಂಟೆ ಬರೆದು ಸಹಿ ಹಾಕಿ. ತಪ್ಪೊಪ್ಪಿಗೆಗಾಗಿ ಹೊಡೆಯುವುದು ಸ್ವತಃ ಅಪರಾಧ. ಹಳೆಯ ದಂಡ ಸಂಹಿತೆಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 120ರಲ್ಲಿ 7 ವರ್ಷದವರೆಗೆ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆ ಇದೆ.

ವಕೀಲರು

ರೊಕ್ಕ ಇಲ್ಲ ಎಂದು ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಕಸ್ಟಡಿಯಲ್ಲಿ ಇರುವ ಯಾರಿಗೇ ಆಗಲಿ ವಕೀಲರು ಉಚಿತ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಅಥವಾ ನೇರವಾಗಿ ಕೋರ್ಟ್ ಆವರಣಕ್ಕೆ ಹೋಗಿ. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಗಂಗಾವತಿ, ಸಿಂಧನೂರು, ಲಿಂಗಸುಗೂರು, ಸಿರುಗುಪ್ಪದಂಥ ಊರುಗಳಲ್ಲಿ ತಾಲ್ಲೂಕು ಸಮಿತಿ. ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿಯಾಗುವ ಹಕ್ಕು ಕಲಂ 38ರಲ್ಲಿದೆ, ಪೂರ್ತಿ ಹೊತ್ತು ಪಕ್ಕದಲ್ಲಿ ಕೂರುವ ಹಕ್ಕಲ್ಲ. ಅಷ್ಟಾದರೂ ಸಾಕು. ಹೊರಗಿನವರೊಬ್ಬರು ಒಳಗೆ ಹೋಗಿ ಮುಖ ನೋಡಿ ಬಂದರೆಂದರೆ ಕೈಯೆತ್ತುವವರು ಯೋಚಿಸುತ್ತಾರೆ.

ಮೈಮೇಲಿನ ಸಾಕ್ಷಿ

ಬಂಧಿಸಿದ ಕೂಡಲೇ ಸರ್ಕಾರಿ ವೈದ್ಯರು ತಪಾಸಣೆ ಮಾಡಬೇಕು, ವರದಿಯ ಪ್ರತಿ ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಕೊಡಬೇಕು (ಕಲಂ 53). 1996ರ ಡಿಸೆಂಬರ್ 18ರ ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪಿನ ಪ್ರಕಾರ ಕಸ್ಟಡಿಯಲ್ಲಿ ಇರುವಷ್ಟು ದಿನವೂ 48 ತಾಸಿಗೊಮ್ಮೆ ತಪಾಸಣೆ ಆಗಬೇಕು. ಕಾನೂನು ಇಷ್ಟು ಚೆನ್ನಾಗಿದ್ದೂ ಕೆಲಸ ಕೆಡುವುದು ಆಸ್ಪತ್ರೆಯ ಮೇಜಿನ ಮುಂದೆ. ಪೊಲೀಸ್ ಪೇದೆ ಪಕ್ಕದಲ್ಲೇ ನಿಂತಿರುತ್ತಾನೆ, ವೈದ್ಯರು ‘ಏನಾದ್ರೂ ತೊಂದ್ರೆ ಐತೇನು?’ ಎನ್ನುತ್ತಾರೆ, ಹುಡುಗ ತಲೆ ತಗ್ಗಿಸಿ ‘ಇಲ್ರಿ’ ಎನ್ನುತ್ತಾನೆ, ಅಂಗಿ ಬಿಚ್ಚಿಸದೆಯೇ ‘ಗಾಯಗಳಿಲ್ಲ’ ಎಂಬ ಚೀಟಿ ತಯಾರು. ಮುಂದಿನ ವರ್ಷಗಳೆಲ್ಲ ಈ ಚೀಟಿಯ ವಿರುದ್ಧವೇ ಹೋರಾಡಬೇಕಾಗುತ್ತದೆ. ಮನೆಯವರು ಅಲ್ಲಿದ್ದರೆ ವೈದ್ಯರನ್ನೇ ನೇರವಾಗಿ ಕೇಳಿ: ‘ಸರ್, ಅಂಗಿ ತೆಗೆಸಿ ನೋಡ್ರಿ, ಪಾದ ನೋಡ್ರಿ, ಎಂಎಲ್‌ಸಿ ಅಂತ ಬರೀರಿ.’ ಹಾಗೆಂದರೆ ಕಾನೂನು ಪ್ರಕರಣಕ್ಕೆ ಸಂಬಂಧಿಸಿದ ಗಾಯ ಎಂದು ಆಸ್ಪತ್ರೆ ಮಾಡುವ ದಾಖಲೆ.

ಬಿಡುಗಡೆಯಾಗಿ ಮನೆಗೆ ಬಂದವನಾದರೆ ಅದೇ ದಿನ ಬಳ್ಳಾರಿಯ ಬಿಮ್ಸ್, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಅಥವಾ ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ. ಹೊರರೋಗಿ ಚೀಟಿ ಸಾಲದು. ಎಂಎಲ್‌ಸಿ ನಂಬರ್ ಬೇಕು. ‘ಹೇಗಾಯಿತು’ ಎಂಬ ಕಡೆ ‘ಬಿದ್ದು ಗಾಯ’ ಎಂದಲ್ಲ, ‘ಪೊಲೀಸರು ಹೊಡೆದದ್ದಾಗಿ ಹೇಳುತ್ತಾನೆ’ ಎಂದು ಬರೆಯಬೇಕು.

ಫೋಟೊ ತೆಗೆಯುವಾಗ ಬಿಸಿಲ ಬೆಳಕು ಇರಲಿ, ಫ್ಲಾಶ್ ಬೇಡ. ಮೊದಲು ಮುಖ ಕಾಣುವಂತೆ ಇಡೀ ದೇಹ, ಆಮೇಲೆ ಗಾಯ ಹತ್ತಿರದಿಂದ, ಪಕ್ಕದಲ್ಲಿ ಅಳತೆಗೆ ಸ್ಕೇಲು ಅಥವಾ ನಾಣ್ಯ. ಮರುದಿನ ಮತ್ತೆ ತೆಗೆಯಿರಿ, ಅದರ ಮರುದಿನ ಇನ್ನೊಮ್ಮೆ. ಬಾಸುಂಡೆ ಮೊದಲು ಕೆಂಪು, ಆಮೇಲೆ ನೀಲಿ, ದಿನ ಕಳೆದಂತೆ ಹಸಿರು, ಹಳದಿಯಾಗಿ ಮಾಸುತ್ತದೆ. ಆಳದ ಪೆಟ್ಟು ಎಷ್ಟೋ ಸಲ ಮರುದಿನವೇ ಮೇಲೆ ಮೂಡುವುದು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದು ಕಡಿಮೆ, ಬಾವು ಮತ್ತು ಮುಟ್ಟಿದರೆ ನೋವು ಎಲ್ಲಿದೆ ಎಂಬುದನ್ನು ವೈದ್ಯರು ಬರೆಯಲಿ. ಅಂಗಾಲಿಗೆ ಹೊಡೆದರೆ ಚರ್ಮದ ಮೇಲೆ ಗುರುತು ಉಳಿಯದೆಯೂ ಇರಬಹುದು, ಅವನು ಹೇಗೆ ನಡೆಯುತ್ತಾನೆ ಎಂಬುದರ ವಿಡಿಯೊ ಇರಲಿ. ರಕ್ತ ತಾಗಿದ ಬಟ್ಟೆ ಒಗೆಯಬೇಡಿ. ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೂಷ್ಟು ಹಿಡಿದು ಹಾಳಾಗುತ್ತದೆ.

ಇದೊಂದು ಮಾತನ್ನು ಮಾತ್ರ ಯಾರೂ ಮರೆಯಬಾರದು. ತೊಡೆ, ಬೆನ್ನಿಗೆ ಬಹಳ ಪೆಟ್ಟು ಬಿದ್ದವನ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಅಥವಾ ಮೂತ್ರವೇ ಕಡಿಮೆಯಾದರೆ, ಕೇಸು, ಅರ್ಜಿ ಎಲ್ಲ ಬಿಟ್ಟು ದೊಡ್ಡಾಸ್ಪತ್ರೆಗೆ ಓಡಿ. ಜಜ್ಜಿದ ಸ್ನಾಯುವಿನಿಂದ ಹೊರಬಿದ್ದ ಪದಾರ್ಥ ಮೂತ್ರಪಿಂಡವನ್ನು ಕಟ್ಟಿಹಾಕುತ್ತಿದೆ ಎಂದರ್ಥ. ಮೇಲೆ ರಕ್ತ ಕಾಣದಿದ್ದರೂ ಎರಡು ಮೂರು ದಿನದಲ್ಲಿ ಜೀವ ಹೋಗಬಹುದು. ಸಿಪಿಕೆ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲು ಕೇಳಿ. ಬೇಗ ಸಲೈನ್ ಹಚ್ಚಿದರೆ ಉಳಿಯುತ್ತಾರೆ. ಆ ವರದಿಯೇ ಮುಂದೆ ಹೊಡೆತದ ಗಟ್ಟಿ ಸಾಕ್ಷಿಯೂ ಆಗುತ್ತದೆ.

ಮ್ಯಾಜಿಸ್ಟ್ರೇಟರ ಮುಂದೆ

ರಜಾದಿನ, ರಾತ್ರಿ ಹೊತ್ತು ನ್ಯಾಯಾಧೀಶರ ಮನೆಯಲ್ಲೇ ಹಾಜರುಪಡಿಸುವುದುಂಟು. ಠಾಣೆಯ ಹೊರಗೆ ಒಬ್ಬರು ಕಾಯುತ್ತಿದ್ದರೆ ಮಾತ್ರ ಅದು ನಿಮಗೆ ಗೊತ್ತಾಗುತ್ತದೆ. ಹೊಡೆದಿದ್ದಾರೆಯೇ ಎಂದು ಕೇಳಿದಾಗ ಅವನು ಬಾಯಿ ಬಿಡಲೇಬೇಕು. ಕೇಳದಿದ್ದರೆ ತಾನೇ ಹೇಳಬೇಕು. ‘ಹೇಳಿದರೆ ಮತ್ತೆ ಕಸ್ಟಡಿಗೆ ತಗೊಂಡು ನೋಡ್ಕೋತೀವಿ’ ಎಂಬ ಬೆದರಿಕೆ ದಾರಿಯಲ್ಲೇ ಬಿದ್ದಿರುತ್ತದೆ, ಆದ್ದರಿಂದ ವಕೀಲರು ಒಂದು ಮೆಮೊ ಹಾಕಿ ಮೂರನ್ನು ಕೇಳಬೇಕು: ಗಾಯಗಳನ್ನು ಆದೇಶದಲ್ಲಿ ದಾಖಲಿಸುವುದು, ಮರುತಪಾಸಣೆ, ಪೊಲೀಸ್ ಕಸ್ಟಡಿ ಬದಲು ನ್ಯಾಯಾಂಗ ಬಂಧನ (ಜೈಲು). ಮನೆಯಿಂದ ಒಯ್ದ ನಿಜವಾದ ಹೊತ್ತನ್ನೂ ಅದೇ ಮೆಮೊದಲ್ಲಿ ಬರೆಯಬೇಕು. ನೋಟ್‌ಬುಕ್ಕಿನ ಚೀಟಿ ಕೆಲಸಕ್ಕೆ ಬರುವುದು ಇಲ್ಲಿ.

24 ತಾಸು ದಾಟಿದರೆ: ಹೇಬಿಯಸ್ ಕಾರ್ಪಸ್

‘ಈ ವ್ಯಕ್ತಿಯನ್ನು ನಮ್ಮ ಮುಂದೆ ತಂದು ನಿಲ್ಲಿಸಿ’ ಎಂದು ಹೈಕೋರ್ಟ್ ಕೊಡುವ ಆಜ್ಞೆ ಇದು, ಸಂವಿಧಾನದ 226ನೇ ವಿಧಿಯಡಿ. ಬಂಧಿತನೇ ಸಹಿ ಹಾಕಬೇಕಿಲ್ಲ. ತಾಯಿ, ಹೆಂಡತಿ, ಗೆಳೆಯ ಯಾರಾದರೂ ಹಾಕಬಹುದು. ನಮ್ಮ ಭಾಗದವರು ಎಡವುವುದು ಯಾವ ಪೀಠ ಎಂಬಲ್ಲಿ. ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆ ಧಾರವಾಡ ಪೀಠಕ್ಕೆ, ರಾಯಚೂರು ಜಿಲ್ಲೆ ಕಲಬುರಗಿ ಪೀಠಕ್ಕೆ. ಗಂಗಾವತಿ, ಸಿಂಧನೂರು ಅಕ್ಕಪಕ್ಕದ ಊರುಗಳೇ. ಆದರೂ ಗಂಗಾವತಿ ಠಾಣೆಯ ಪ್ರಕರಣಕ್ಕೆ ಧಾರವಾಡದ ದಾರಿ, ಸಿಂಧನೂರು ಠಾಣೆಯದಕ್ಕೆ ಕಲಬುರಗಿಯ ದಾರಿ. ಎರಡೂ ಕಡೆ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿ ಉಚಿತ ವಕೀಲರನ್ನು ಕೊಡುತ್ತದೆ.

ಒಯ್ಯಬೇಕಾದ್ದು ಇಷ್ಟು: ಹೊತ್ತು ಬರೆದ ಚೀಟಿ, ಠಾಣೆಗೆ ಕೊಟ್ಟ ಅರ್ಜಿಯ ಪ್ರತಿ, ಇಮೇಲ್ ಮತ್ತು ಅಂಚೆ ರಸೀದಿ, ಕಂಡವರ ಹೆಸರು, ಅವನ ಫೋಟೊ, ನಿಮಗೂ ಅವನಿಗೂ ಇರುವ ಸಂಬಂಧಕ್ಕೆ ಪಡಿತರ ಚೀಟಿ ಅಥವಾ ಆಧಾರ್. ತಡ ಮಾಡಿದರೆ ಈ ಅರ್ಜಿ ಹಲ್ಲು ಕಳೆದುಕೊಳ್ಳುತ್ತದೆ. ಒಮ್ಮೆ ಮ್ಯಾಜಿಸ್ಟ್ರೇಟರು ರಿಮ್ಯಾಂಡ್ (ಬಂಧನ ಮುಂದುವರಿಸುವ) ಆದೇಶ ಕೊಟ್ಟ ಮೇಲೆ ಸಾಮಾನ್ಯವಾಗಿ ಹೇಬಿಯಸ್ ಕಾರ್ಪಸ್ ನಿಲ್ಲುವುದಿಲ್ಲ, ಆಗ ಇರುವ ದಾರಿ ಜಾಮೀನು.

‘ಬಿಟ್ಟು ಕಳಿಸಿದ್ವಿ’, ‘ಓಡಿಹೋದ’ ಎಂಬ ಉತ್ತರ ಬಂದರೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಅದೇ 1993ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ನೀಲಬತಿ ಬೆಹೆರಾ ಪ್ರಕರಣದಲ್ಲೂ ಒಡಿಶಾದ ಪೊಲೀಸರ ವಾದ ಇದೇ ಇತ್ತು: ಹುಡುಗ ಕಸ್ಟಡಿಯಿಂದ ಓಡಿಹೋಗಿ ರೈಲಿಗೆ ಸಿಕ್ಕ ಎಂದು. ತಾಯಿ ಬರೆದ ಒಂದು ಪತ್ರವನ್ನೇ ಕೋರ್ಟ್ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು, ವಾದವನ್ನು ತಳ್ಳಿಹಾಕಿ 1,50,000 ರೂಪಾಯಿ ಪರಿಹಾರ ಕೊಡಿಸಿತು. ನೀವು ಕೇಳಬೇಕಾದ ಪ್ರಶ್ನೆಗಳು ಸರಳ. ಓಡಿಹೋಗಿದ್ದರೆ, ಕಸ್ಟಡಿಯಿಂದ ಪರಾರಿಯಾಗುವುದು ಅಪರಾಧ, ಅದರ ಎಫ್‌ಐಆರ್ ಎಲ್ಲಿ, ಎಷ್ಟು ಗಂಟೆಗೆ? ಬಿಟ್ಟಿದ್ದರೆ, ಸ್ಟೇಷನ್ ಹೌಸ್ ಡೈರಿಯಲ್ಲಿ ನಮೂದು ಎಲ್ಲಿ, ಅವನು ಹೊರಗೆ ನಡೆದದ್ದು ಯಾವ ಕ್ಯಾಮೆರಾದಲ್ಲಿ ಇದೆ?

ಕ್ಯಾಮೆರಾ ಇರಲೇಬೇಕು. ಸುಪ್ರೀಂ ಕೋರ್ಟಿನ 2020ರ ಡಿಸೆಂಬರ್ 2ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನ ಪ್ರಕಾರ ಠಾಣೆಯ ಬಾಗಿಲು, ಲಾಕಪ್ಪು, ಪಡಸಾಲೆ, ಇನ್ಸ್‌ಪೆಕ್ಟರ ಕೋಣೆ, ಹಿಂಭಾಗ ಎಲ್ಲ ಕಡೆ ರಾತ್ರಿಯೂ ಕಾಣುವ, ಧ್ವನಿಯೂ ದಾಖಲಾಗುವ ಸಿಸಿಟಿವಿ ಬೇಕು, ದೃಶ್ಯ 18 ತಿಂಗಳು ಉಳಿಯಬೇಕು, ಅಂಥ ಸಲಕರಣೆ ಸಿಗದಿದ್ದರೆ ಕನಿಷ್ಠ 1 ವರ್ಷ. ‘ಕ್ಯಾಮೆರಾ ಕೆಟ್ಟಿತ್ತು’ ಎಂಬುದು ಸಾಮಾನ್ಯ ಉತ್ತರ. ಅದಕ್ಕಾಗಿಯೇ ಕಾಯ್ದಿರಿಸಿ ಎಂಬ ಸಾಲು ಮೊದಲ ದಿನದ ಅರ್ಜಿಯಲ್ಲೇ ಇರಬೇಕು. ಎಸ್ಪಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. ಜೀವ, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿ 48 ತಾಸಿನಲ್ಲಿ ಕೊಡಬೇಕು, ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕವಿಲ್ಲ.

ಜೀವವೇ ಹೋಗಿದ್ದರೆ

ಕಸ್ಟಡಿಯಲ್ಲಿ ಸಾವಾದರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. 24 ತಾಸಿನೊಳಗೆ ದೇಹವನ್ನು ಪರೀಕ್ಷೆಗೆ ಕಳಿಸಬೇಕು, ವಿಚಾರಣೆಯ ಹೊತ್ತಿಗೆ ನೆಂಟರು ಹಾಜರಿರಬಹುದು (ಕಲಂ 196). ಶವಪಂಚನಾಮೆಯ ಹೊತ್ತಿಗೆ ಮನೆಯವರೊಬ್ಬರು ನಿಂತು ದೇಹವನ್ನು ಮಗುಚಿ ಬೆನ್ನು, ಅಂಗಾಲು ನೋಡಲೇಬೇಕು. ಮರಣೋತ್ತರ ಪರೀಕ್ಷೆಯ ವಿಡಿಯೊ ಚಿತ್ರೀಕರಣ ಆಗಲಿ ಎಂದು ಬರೆದುಕೊಡಿ. ‘ಬೇಗ ಮಣ್ಣು ಮಾಡ್ರಿ, ಖರ್ಚು ನಾವ್ ಕೊಡ್ತೀವಿ’ ಎಂದರೆ ಒಪ್ಪಬೇಡಿ. ಸುಡುವ ಪದ್ಧತಿಯವರಾದರೂ ಈ ಒಂದು ಸಲ ಹೂಳಿ. ಎರಡನೆಯ ಪರೀಕ್ಷೆ ಬೇಕಾದರೆ ದೇಹ ಇರಬೇಕು.

ಹಲ್ಲೆ ಮಾಡಿದವರ ಮೇಲೆ ಎಫ್‌ಐಆರ್ ಮಾಡಲು ಅದೇ ಠಾಣೆ ಒಪ್ಪದಿದ್ದರೆ ಬೇರೆ ಠಾಣೆಯಲ್ಲಿ, ಘಟನೆ ಎಲ್ಲೇ ನಡೆದಿದ್ದರೂ ದಾಖಲಿಸುವ ಝೀರೋ ಎಫ್‌ಐಆರ್ ಕೇಳಿ, ಆಗದಿದ್ದರೆ ಎಸ್ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ (ಕಲಂ 173, 175). ಈ ಮೆಟ್ಟಿಲುಗಳನ್ನು ಹಾರಿ ಹೋದರೆ ಅರ್ಜಿ ವಾಪಸ್ ಬರುತ್ತದೆ. ಹೊಡೆಸಿಕೊಂಡವರು ಪರಿಶಿಷ್ಟ ಜಾತಿ, ಪಂಗಡದವರಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯನ್ನೂ ಸೇರಿಸಲು ಕೇಳಿ, ತನಿಖೆ ಡಿವೈಎಸ್ಪಿ ದರ್ಜೆಯವರ ಕೈಗೆ ಹೋಗುತ್ತದೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದರೆ ಸಾಕು, ಶುಲ್ಕವಿಲ್ಲ. ಘಟನೆ ನಡೆದ 1 ವರ್ಷದೊಳಗೆ ಮುಟ್ಟಬೇಕು. ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಕ್ಕೂ ಒಂದು ಪ್ರತಿ ಹಾಕಿ.

ಎಲ್ಲಕ್ಕೂ ಮೂಲ ಕಾಗದ ನಿಮ್ಮ ಹತ್ತಿರವೇ ಉಳಿಯಲಿ, ಯಾರಿಗೇ ಕೊಟ್ಟರೂ ಜೆರಾಕ್ಸ್ ಕೊಡಿ. ಒಂದು ಪೂರ್ತಿ ಪ್ರತಿ ಬೇರೆ ಊರಿನ ನೆಂಟರ ಮನೆಯ ಟ್ರಂಕಿನಲ್ಲಿರಲಿ.